ಐದು ಹತ್ತಿ ಸೀರೆ, ಮೂರು ರವಿಕೆ

ಸೌಜನ್ಯ ಎಂದು ಹೆಸರಿಟ್ಟ ಅಪ್ಪನಿಗೆ ಮಗಳ ಸಿಟ್ಟಿನ ಅಂದಾಜು ಇದ್ದಿರಲಾರದು. ಎರಡು ಸಾವಿರದ ಎರಡನೇ ಇಸವಿ ಫೆಬ್ರವರಿಯ ಆ ಶನಿವಾರ ಮಧ್ಯಾಹ್ನ, ಬಾಳ್ಳುಪೇಟೆಯಿಂದ ಬಂದ ಬಸ್ಸು ಎಸ್ಟೇಟಿನ ಗೇಟಿನ ಮುಂದೆ ಇಳಿಸಿ ಹೋದಾಗ ಅವಳಿಗೂ ಅದರ ಅಂದಾಜು ಇರಲಿಲ್ಲ. ಅರ್ಧ ದಿನದ ಶಾಲೆ ಮುಗಿಸಿ ಬಂದಿದ್ದಳು. ಚೀಲದಲ್ಲಿ ಏಳನೇ ಕ್ಲಾಸಿನ ಉತ್ತರಪತ್ರಿಕೆಗಳಿದ್ದವು, ಹೊಟ್ಟೆ ಚುರುಗುಟ್ಟುತ್ತಿತ್ತು.

ಎಸ್ಟೇಟ್ ಎಂದರೆ ಹೆದರಬೇಕಾದ್ದೇನೂ ಇಲ್ಲ. ಮಗ್ಗೆಯಿಂದ ಎರಡು ಮೈಲಿ ಒಳಗೆ ಹದಿನಾಲ್ಕು ಎಕರೆ ರೊಬಸ್ಟಾ ಕಾಫಿ, ಕೂಲಿಯವರಿಗೆ ಐದು ಮನೆಯ ಒಂದು ಲೈನು, ಬಿರುಕುಬಿಟ್ಟ ಸಿಮೆಂಟಿನ ಕಣ, ಮತ್ತು ಇವೆಲ್ಲ ಸೇರಿದರೂ ಸಾಟಿಯಾಗದಷ್ಟು ದೊಡ್ಡ ಜಂಬ. ಆ ಜಂಬದ ಒಡತಿ ಅವಳ ಅತ್ತೆ ಸುಲೋಚನಮ್ಮ. ಕಾಫಿ ರೇಟು ನೆಲಕಚ್ಚಿ ಎರಡು ವರ್ಷವಾದರೂ ಜಂಬದ ರೇಟು ಮಾತ್ರ ಒಂದು ಕಾಸೂ ಇಳಿದಿರಲಿಲ್ಲ.

ಅಂದು ಕುಯ್ಲಿನ ಕೊನೆಯ ದಿನ. ದಾರಿಯ ಬಲಕ್ಕೆ ಗಿಡಗಳ ನಡುವೆ ಹೆಂಗಸರು ಕೊನೆಯ ಸಾಲಿನ ಹಣ್ಣು ಬಿಡಿಸುತ್ತಿದ್ದರು. ಎಲೆಗಳ ಸಂದಿಯಲ್ಲಿ ಇಟ್ಟಿಗೆ ಬಣ್ಣದ ಸೀರೆಯೊಂದು ಕಾಣಿಸಿತು. ಅರೆ, ನನ್ನದರ ಹಾಗೇ ಇದೆಯಲ್ಲ, ಎಂದುಕೊಂಡು ಸೌಜನ್ಯ ನಾಲ್ಕು ಹೆಜ್ಜೆ ಹಾಕಿದಳು. ಅಲ್ಲಿ ಕಡುನೀಲಿ ಇತ್ತು. ಅದರಾಚೆ ಬೂದುಬಣ್ಣ. ಏಣಿಯ ಮೇಲೆ ಸಾಸಿವೆ ಹಳದಿ. ಅವಳ ಕಾಲು ಅಲ್ಲೇ ನಿಂತಿತು.

ಇಟ್ಟಿಗೆ ಬಣ್ಣದ ಸೀರೆ ಈಚೆ ತಿರುಗಿತು. ಅದನ್ನು ಉಟ್ಟವಳು ತಾಯಮ್ಮ, ಲೈನಿನ ಹಿರಿಯ ಹೆಂಗಸು. ಸೊಂಟಕ್ಕೆ ಗೋಣಿ ಬಿಗಿದಿದ್ದಳು. ಸೆರಗಿನ ತುದಿಯಲ್ಲಿ ಅಂಗುಲದಷ್ಟು ಹೊಲಿಗೆ ಇತ್ತು. ಬಸ್ಸಿನ ಸೀಟಿನ ಮೊಳೆಗೆ ಸಿಕ್ಕಿ ಹರಿದದ್ದು ಅದು, ಸೌಜನ್ಯ ತಾನೇ ಕೂತು ಒಂದೊಂದೇ ಎಳೆ ಹಿಡಿದು ಹೊಲಿದದ್ದು.

"ಬಂದ್ರಾ ಟೀಚರಮ್ಮ?" ತಾಯಮ್ಮ ಬಾಯಿತುಂಬ ನಕ್ಕಳು. "ನಿಮ್ ಸೀರೆ ನೋಡಿ, ನಂಗೆ ಎಂಗೈತೆ? ಬೆಳಿಗ್ಗೆ ಅಮ್ಮೋರು ಎಲೆ ಅಡ್ಕೆ ಮಡಗಿ ಕೊಟ್ರು. ನಮ್ ಸೊಸೆ ಸರ್ಕಾರಿ ಮೇಡಮ್ ಆಯ್ತಾಳೆ, ಇನ್ಮೇಲೆ ಇಂಥವೆಲ್ಲ ಉಡಾಕಿಲ್ಲ, ನೀವೇ ಉಟ್ಕಳಿ ಅಂದ್ರು. ಎಷ್ಟ್ ತಂಪಾಗೈತೆ ಗೊತ್ತಾ? ಓದ್ವರ್ಷದ್ದು ಮೈಗೆ ಅಂಟ್ಕಂಡು ಕಡೀತಿತ್ತು ಕಣವ್ವ. ನಿಮ್ ಒಟ್ಟೆ ತಣ್ಗಿರ್ಲಿ."

ಸೌಜನ್ಯ ಆ ಹೊಲಿಗೆಯನ್ನೇ ನೋಡುತ್ತ ನಿಂತಳು.

"ಚೆಲುವಮ್ಮಂಗೆ ಮಾತ್ರ ಸಾಲ್ದೆ ಬಂತು," ತಾಯಮ್ಮ ಮುಂದುವರಿಸಿದಳು. "ಇನ್ನೊಂದು ಅಸ್ರುದೈತೆ, ನಾಳೆ ಕೊಡ್ತೀನಿ ಅಂದವ್ರೆ ಅಮ್ಮೋರು."

ಆ ಹಸಿರು ಸೀರೆ ಆಗ ಸೌಜನ್ಯಳ ಮೈಮೇಲಿತ್ತು.

ಆ ಸೀರೆಗಳ ಕತೆ ಹೇಳದೆ ಹೋದರೆ, ನಾಲ್ಕು ಹತ್ತಿ ಸೀರೆಗೆ ಇಷ್ಟೊಂದು ರಂಪವೇ ಎಂದು ಯಾರಾದರೂ ಮೂಗು ಮುರಿಯಬಹುದು. ಮುರಿಯುವವರು ಸ್ವಲ್ಪ ತಾಳಬೇಕು.

ಆರು ವರ್ಷದ ಹಿಂದೆ ಸೌಜನ್ಯ ಈ ಮನೆಗೆ ಬಂದಾಗ ಉಡುಗೊರೆಯ ಸೀರೆಗಳೇ ಹದಿನೇಳಿದ್ದವು. ಎಲ್ಲವೂ ದೀಪದ ಕೆಳಗೆ ಫಳಫಳ ಎನ್ನುವಂಥವು, ಬಿಸಿಲಿಗೆ ಮೈಸುಡುವಂಥವು. ಒಂದೊಂದಕ್ಕೂ ಅದರದೇ ರವಿಕೆ, ಅದರದೇ ಲಂಗ. ಒಂದರದ್ದು ಇನ್ನೊಂದಕ್ಕೆ ಆಗದು. ಅಷ್ಟಿದ್ದೂ ಶಾಲೆಗೆ ಉಡಲು ಒಂದೂ ಇಲ್ಲ ಎಂದು ಮತ್ತೆ ಕೊಳ್ಳುವುದು, ಮದುವೆ ಬಂತೆಂದು ಮತ್ತೆ ಕೊಳ್ಳುವುದು, ಉಟ್ಟದ್ದನ್ನೇ ಉಟ್ಟಳು ಎಂದಾರು ಎಂದು ಮತ್ತೆ ಕೊಳ್ಳುವುದು. ಅಷ್ಟರಲ್ಲಿ ಕಾಫಿ ರೇಟು ಬಿತ್ತು. ಅಕ್ಕಿ, ಸೋಪು, ಕರೆಂಟು ಬಿಲ್ಲು, ಗಂಡ ಮೋಹನನ ಬೈಕಿನ ಪೆಟ್ರೋಲು, ಎಲ್ಲವೂ ಅವಳ ಖಾಸಗಿ ಶಾಲೆಯ ಸಂಬಳದಿಂದಲೇ ಬರತೊಡಗಿದವು. ಹಾಗೆಂದು ಆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಸೊಸೆ ಹೊತ್ತು ಹೋಗಲೆಂದು ಪಾಠ ಹೇಳಲು ಹೋಗುತ್ತಾಳೆ ಎಂಬುದು ಸುಲೋಚನಮ್ಮ ಊರಿಗೆ ಹೇಳುತ್ತಿದ್ದ ಮಾತು.

ದಾರಿ ತೋರಿಸಿದವಳು ಬಾಳ್ಳುಪೇಟೆಯ ಟೈಲರ್ ಡೊರಿನ್. ಮಂಗಳೂರು ಕಡೆಯಿಂದ ಬಂದು ಶಾಲೆಯ ಎದುರಿಗೇ ಅಂಗಡಿ ಇಟ್ಟುಕೊಂಡವಳು. "ನೀನು ಸೀರೆಯಿಂದ ಶುರು ಮಾಡುದೇ ತಪ್ಪು ಮಾರಾಯ್ತಿ," ಎಂದಿದ್ದಳು. "ರವಿಕೆಯಿಂದ ಶುರು ಮಾಡು. ಕಪ್ಪು, ಮರೂನು, ಕೆನೆ. ಮೂರೇ ಹೊಲಿದು ಕೊಡ್ತೇನೆ. ಈ ಮೂರಕ್ಕೆ ಹೊಂದದ ಸೀರೆ ಎಷ್ಟು ಚಂದ ಇದ್ದರೂ ಅಂಗಡಿಯಲ್ಲೇ ಇರ್ಲಿ."

ಗಾಂಧಿ ಜಯಂತಿಯ ರಿಬೇಟಿನಲ್ಲಿ ಹಾಸನದ ಕೈಮಗ್ಗದ ಅಂಗಡಿಗೆ ಹೋಗಿ, ಮೂರು ರವಿಕೆಯನ್ನೂ ಚೀಲದಲ್ಲಿಟ್ಟುಕೊಂಡು, ಅಂಗಡಿಯವನಿಗೆ ಸಾಕುಸಾಕಾಗುವಷ್ಟು ಸೀರೆ ಬಿಚ್ಚಿಸಿ ಐದನ್ನು ಆರಿಸಿದ್ದಳು. ಸಣ್ಣ ಅಂಚು, ಒಡಲು ಖಾಲಿ. ಯಾವ ಸೀರೆಗಾದರೂ ಕನಿಷ್ಠ ಎರಡು ರವಿಕೆ ಒಪ್ಪುತ್ತಿದ್ದವು. ಮೊದಲ ಸಲ ಉಪ್ಪುನೀರಲ್ಲಿ ಅದ್ದಿ ಬಣ್ಣ ಕಚ್ಚಿಸಿದಳು. ಫಾಲ್ ತಾನೇ ಹಾಕಿದಳು. ವಾರಕ್ಕೊಮ್ಮೆ ತಿಳಿಗಂಜಿ, ನೆರಳಲ್ಲಿ ಒಣಗಿಸುವುದು, ಹಾಸಿಗೆಯ ಕೆಳಗೆ ಮಡಿಕೆ. ಊರ ಮದುವೆಗಳಿಗೆಲ್ಲ ತನ್ನ ಧಾರೆ ಸೀರೆ ಒಂದೇ. ಅದೇ ಸೀರೆನಾ ಎಂದು ಕೇಳಿದವರಿಗೆ, ಹೌದು, ಅದೇ ಗಂಡನೇ, ಎಂದು ನಗುತ್ತಿದ್ದಳು. ಹದಿನೇಳು ಉಡುಗೊರೆ ಸೀರೆಗಳನ್ನು ಎರಡು ಕುಯ್ಲಿನ ಕೊನೆಗೆ ಲೈನಿನವರಿಗೆ ತಾನೇ ಹಂಚಿದಳು. ಕೊನೆಯ ದಿನ ಬೆಳಿಗ್ಗೆ ಲೈನಿನ ಹೆಂಗಸರಿಗೆ ಸೀರೆ ಕೊಡುವುದು, ಅವರು ಅದನ್ನೇ ಉಟ್ಟು ಕೊನೆಯ ಸಾಲು ಬಿಡಿಸುವುದು ಆ ಮನೆಯ ಪದ್ಧತಿ.

ಹೀಗೆ ಎರಡು ವರ್ಷ ಹೊಸ ಬಟ್ಟೆಯ ಮುಖ ನೋಡದೆ ಉಳಿಸಿದ್ದು ಪೋಸ್ಟಾಫೀಸಿನಲ್ಲಿತ್ತು. ಕೆಲಸದಲ್ಲಿರುವ ಟೀಚರುಗಳಿಗೆ ಅಂಚೆಯ ಮೂಲಕ ಕಲಿಸುವ ಬಿ.ಎಡ್. ಸೀಟು ಆ ವರ್ಷ ಅವಳಿಗೆ ಸಿಕ್ಕಿತ್ತು. ಬರುವ ಗುರುವಾರದೊಳಗೆ ಹಾಸನಕ್ಕೆ ಹೋಗಿ ಫೀಸು ಕಟ್ಟಬೇಕು, ಜೊತೆಗೆ ಶಾಲೆಯ ಹೆಡ್‌ಮಿಸ್ಸು ಸಹಿ ಹಾಕಿದ ಸರ್ವಿಸ್ ಸರ್ಟಿಫಿಕೇಟು ಕೊಡಬೇಕು. ತಪ್ಪಿದರೆ ಸೀಟು ಪಟ್ಟಿಯಲ್ಲಿನ ಮುಂದಿನವರಿಗೆ. ಪೋಸ್ಟಾಫೀಸಿನಲ್ಲಿದ್ದದ್ದು ಫೀಸಿಗೆ ಸರಿಯಾಗಿ ಆಗುತ್ತಿತ್ತು. ಅದರಲ್ಲಿ ನಾಲ್ಕು ಸೀರೆ ಕೊಂಡರೆ ಫೀಸಿಲ್ಲ. ಫೀಸು ಕಟ್ಟಿದರೆ ಉಡಲು ಸೀರೆಯಿಲ್ಲ.

ಸುಲೋಚನಮ್ಮ ಜಗಲಿಯಲ್ಲಿ ಕೂತು ಹುರುಳಿ ಆರಿಸುತ್ತಿದ್ದರು. ಸೌಜನ್ಯ ಚಪ್ಪಲಿ ಬಿಡದೆ ನಿಂತಳು.

"ನನ್ನ ಸೀರೆ ಯಾಕೆ ಕೊಟ್ರಿ ಅತ್ತೆ?"

"ಯಾವ್ದು? ಓ, ಅವಾ," ಸುಲೋಚನಮ್ಮ ಮೊರದಿಂದ ಕಣ್ಣೆತ್ತಲಿಲ್ಲ. "ಈ ವರ್ಷ ಲೈನಿನೋರಿಗೆ ಹೊಸ್ದು ತರಾಕೆ ಎಲ್ಲೈತೆ ದುಡ್ಡು? ನಿಮ್ಮಾವ ಇದ್ದಾಗ್ಲಿಂದ ಒಂದ್ ವರ್ಷನೂ ತಪ್ಸಿಲ್ಲ ಕಣೆ. ದೊಡ್ಮನೆ ಬಾಗ್ಲಿಂದ ಬರೀ ಕೈಲಿ ಕಳ್ಸಾಕಾಯ್ತದಾ?"

"ನಿಮ್ದು ಕೊಡ್ಬೇಕಾಗಿತ್ತು."

"ರೇಷ್ಮೆನಾ? ಹಣ್ಣು ಬಿಡ್ಸೋರಿಗೆ?" ಸುಲೋಚನಮ್ಮನಿಗೆ ನಗು ಬಂತು. "ನೀನೇ ಅಲ್ವೇನೆ ಎರಡ್ ವರ್ಷ ಜರಿಜರಿ ಸೀರೆನೆಲ್ಲ ಕೈಯಾರೆ ಹಂಚಿದ್ದು? ಅಂಥವನ್ನೇ ಕೊಟ್ಟೋಳು ಈ ಕೂಲಿಯೋರು ಉಡೋ ಹತ್ತಿ ಸೀರೆಗೆ ಅಡ್ಡ ಬತ್ತಾಳಾ ಅಂದ್ಕಂಡು ಕೊಟ್ಬುಟ್ಟೆ. ಅಲ್ಲ, ಅವನ್ನ ಉಟ್ಕಂಡು ಬಸ್ಸಲ್ಲಿ ಹೋಗ್ತಿದ್ರೆ ನಂಗೆ ತಲೆ ಎತ್ಕಂಡು ತಿರ್ಗಾಕಾಗ್ತಿರ್ಲಿಲ್ಲ. ಪೋಸ್ಟಾಫೀಸಲ್ಲಿ ಮಡಗಿದೀಯಲ್ಲ, ನಾಲ್ಕು ಒಳ್ಳೆ ಸೀರೆ ತಗೋ."

"ಅದು ಫೀಸಿನ ದುಡ್ಡು. ಗುರುವಾರ ಕಟ್ಬೇಕು."

"ಬರೋ ವರ್ಷ ಕಟ್ಟು. ಕಾಲೇಜೇನು ಓಡೋಯ್ತದಾ?"

ಸಂಕಟವೇನೆಂದರೆ ಸುಲೋಚನಮ್ಮ ಸುಳ್ಳು ಹೇಳುತ್ತಿರಲಿಲ್ಲ. ಮಿಂಚುವುದು ದೊಡ್ಡದು, ಸಾದಾ ಇರುವುದು ಚಿಕ್ಕದು. ದೊಡ್ಡದನ್ನೇ ಕೊಟ್ಟವಳಿಗೆ ಚಿಕ್ಕದನ್ನು ಕೊಡಲು ಏನು ಕಷ್ಟ? ಅವರ ಲೋಕದಲ್ಲಿ ಲೆಕ್ಕ ಅಷ್ಟೇ. ಕದ್ದಿದ್ದರೆ ಕಳ್ಳಿ ಎಂದು ಬೈಯಬಹುದಿತ್ತು. ಇದು ಕಳ್ಳತನವೂ ಅಲ್ಲ. ಸೊಸೆಗೊಂದು ಮನಸ್ಸಿದೆ, ಅವಳದೆಂಬುದೊಂದಿದೆ ಎಂಬುದೇ ಆ ಹೆಂಗಸಿನ ತಲೆಗೆ ಹೊಳೆದಿರಲಿಲ್ಲ. ಸೌಜನ್ಯಳಿಗೆ ಅಡಿಯಿಂದ ಮುಡಿಯವರೆಗೆ ಉರಿದುಹೋಯಿತು.

ಮೋಹನ ಒಳಗಿಂದ ಲುಂಗಿ ಎತ್ತಿ ಕಟ್ಟಿಕೊಳ್ಳುತ್ತ ಬಂದ. ಅವನು ಕೆಟ್ಟವನಲ್ಲ. ಆದರೆ ಒಳ್ಳೆಯತನ ತೋರಿಸಬೇಕಾದ ಹೊತ್ತಿಗೆ ಸರಿಯಾಗಿ ಅವನಿಗೆ ಬೇರೆ ಕೆಲಸ ಬಂದುಬಿಡುತ್ತಿತ್ತು. "ಹೋಗ್ಲಿ ಬಿಡು ಮಾರಾಯ್ತಿ," ಎಂದ. "ಬರೀ ಸೀರೆಗೆ ಹೋಗಿ ಇಷ್ಟೊಂದು..."

"ನಿಮ್ಮ ಬೈಕನ್ನ ಕೇಳ್ದೆ ಯಾರಿಗಾದ್ರೂ ಕೊಟ್ಟಿದ್ರೆ ಬರೀ ಬೈಕು ಅಂತಿದ್ರಾ? ಅದು ನಾನು ದುಡಿಯೋಕೆ ಉಡೋ ಬಟ್ಟೆ ಕಣ್ರೀ. ಈ ಮನೇಲಿ ಒಲೆ ಹತ್ತೋದು ಅದ್ರಿಂದ."

"ಒಲೆ ಮಾತು ಆಡ್ಬೇಡ!" ಸುಲೋಚನಮ್ಮ ಮೊರ ಕುಕ್ಕಿದರು. ಹುರುಳಿ ಚೆಲ್ಲಿತು. "ಈ ಮನೇಲಿ ಸೀರೆಗೇನ್ ಬರಗಾಲ ಬಂದೈತಾ? ನನ್ ಬೀರೂಲಿ ಮೂವತ್ತು ರೇಷ್ಮೆ ಸೀರೆ ಕೊಳೀತಾ ಬಿದ್ದವೆ. ಬೇಕಾದ್ರೆ ಅವನ್ನೇ ಉಟ್ಕಂಡು ಹೋಗು, ಯಾರ್ ಬ್ಯಾಡ ಅಂದೋರು?"

ಸೌಜನ್ಯ ಅತ್ತೆಯ ಮುಖವನ್ನೇ ಒಂದು ಗಳಿಗೆ ನೋಡಿದಳು. "ಸರಿ," ಎಂದಳು. ಒಳಗೆ ಹೋಗಿ ಹಳೆಯ ಚೂಡಿದಾರ ಹಾಕಿಕೊಂಡು, ಬಿಚ್ಚಿದ ಹಸಿರು ಸೀರೆಯನ್ನು ಮಡಿಸಿ, ಎಲೆ ಅಡಿಕೆ ಇಟ್ಟು, ಲೈನಿಗೆ ಹೋಗಿ ಚೆಲುವಮ್ಮನ ಕೈಯಲ್ಲಿ ಕೊಟ್ಟು ಬಂದಳು. ಅದು ದಾನವಲ್ಲ, ಸಿಟ್ಟು. ಚೆಲುವಮ್ಮನಿಗೆ ಅದು ಗೊತ್ತಾಗಲಿಲ್ಲ. ಆ ಮುದುಕಿ ಸೀರೆಯನ್ನು ಕಣ್ಣಿಗೆ ಒತ್ತಿಕೊಂಡಾಗ ಸೌಜನ್ಯಳಿಗೆ ನಾಚಿಕೆಯಾಯಿತು. ಆದರೂ ಸಿಟ್ಟು ಇಳಿಯಲಿಲ್ಲ.

ಸೋಮವಾರ ಬೆಳಿಗ್ಗೆ ಅವಳು ಅತ್ತೆಯ ಮುಂದೆ ಕೈಚಾಚಿದಳು. "ಬೀರು ಕೀ ಕೊಡಿ."

ಸುಲೋಚನಮ್ಮ ಆಡಿದ ಮಾತನ್ನು ನುಂಗುವ ಪೈಕಿಯಲ್ಲ. ಸೊಂಟದಿಂದ ಗೊಂಚಲು ಬಿಚ್ಚಿ ಕೊಟ್ಟರು. ಯಾವುದೋ ಮೂಲೆಯ ಹಳೆಯದನ್ನು ತೆಗೆದುಕೊಂಡಾಳು ಎಂದು ಅವರ ಎಣಿಕೆ. ಸೌಜನ್ಯ ಎಲ್ಲಕ್ಕಿಂತ ಮೇಲಿದ್ದ ಕೆಂಪನೆಯ ಕಂಚಿ ಸೀರೆ ಎಳೆದಳು. ಗೇಣುದ್ದ ಜರಿ ಅಂಚು, ಅದರ ತುಂಬ ಆನೆ, ನವಿಲು. ಅದಕ್ಕೆ ತನ್ನ ಕಪ್ಪು ರವಿಕೆ ತೊಟ್ಟು, ಊಟದ ಡಬ್ಬಿ ಹಿಡಿದು, ಗೇಟಿನ ಹತ್ತಿರ ಹೋಗಿ ನಿಂತಳು.

ಬಸ್ಸಿನಲ್ಲಿ ಜನ ಒತ್ತಿ ಕೂತು ಜಾಗ ಮಾಡಿಕೊಟ್ಟರು. ಕಾಲಡಿಗೆ ಹಸಿಮೆಣಸಿನಕಾಯಿ ಮೂಟೆ, ಪಕ್ಕದವಳ ಮಡಿಲಲ್ಲಿ ಕಾಲು ಕಟ್ಟಿದ ಕೋಳಿ.

"ಏನ್ ಟೀಚರಮ್ಮ, ಯಾರ್ ಮದ್ವೆ?" ಕಂಡಕ್ಟರ್ ಕೇಳಿದ.

ಬೇರೆ ದಿನವಾಗಿದ್ದರೆ ಏನೋ ಹೇಳಿ ನಕ್ಕು ಬಿಡುತ್ತಿದ್ದಳು. ಅಂದು ಕಡ್ಡಿ ಮುರಿದ ಹಾಗೆ, ಹಿಂದಿನ ಸೀಟಿಗೂ ಕೇಳುವಂತೆ ಹೇಳಿದಳು. "ಮದ್ವೆ ಅಲ್ಲ, ಸ್ಕೂಲಿಗೆ. ನನ್ನ ಸೀರೆನೆಲ್ಲ ನಮ್ಮತ್ತೆ ನನ್ನ ಕೇಳ್ದೆ ಲೈನಿನೋರಿಗೆ ಕೊಟ್ರು. ಅದಕ್ಕೆ ಅವರ ರೇಷ್ಮೆ ಉಟ್ಕೊಂಡು ಹೋಗ್ತಿದೀನಿ."

ಮುಂದೆ ಕೂತವರು ಕತ್ತು ಹೊರಳಿಸಿ ನೋಡಿದರು. ಆಮೇಲೆ ಯಾರೋ ಕಿಸಕ್ಕೆಂದರು. ಬಾಳ್ಳುಪೇಟೆ ಮುಟ್ಟುವಷ್ಟರಲ್ಲಿ ಸುದ್ದಿ ಬಸ್ಸಿಗಿಂತ ಮುಂದೆ ಓಡಿತ್ತು.

ಶಾಲೆಯಲ್ಲಿ ಮಕ್ಕಳು ಪಾಠ ಬಿಟ್ಟು ನವಿಲು ಎಣಿಸಿದವು. ಸಂಜೆಗೆ ಸೆರಗಿನ ಮೇಲೆ ಸೀಮೆಸುಣ್ಣದ ಧೂಳು ಕೂತಿತ್ತು, ಅಂಚಿನ ಆನೆಯೊಂದಕ್ಕೆ ಶಾಯಿ ಮೆತ್ತಿತ್ತು. ಅದನ್ನು ಕಂಡ ಸುಲೋಚನಮ್ಮ ಕಣ್ಣುಬಿಟ್ಟರು, ಬಾಯಿ ಬಿಡಲಿಲ್ಲ. ಮಂಗಳವಾರ ಸೌಜನ್ಯ ನೇರಳೆ ಬಣ್ಣದ್ದನ್ನು ಉಟ್ಟಳು, ಅದಕ್ಕೆ ಇನ್ನೂ ಅಗಲದ ಜರಿ.

ಅಂದು ಹೆಡ್‌ಮಿಸ್ಸು ತಮ್ಮ ಕೋಣೆಗೆ ಕರೆಸಿದರು. ಮೇಜಿನ ಮೇಲೆ ಅವಳ ಸರ್ವಿಸ್ ಸರ್ಟಿಫಿಕೇಟು ಟೈಪಾಗಿ ಬಿದ್ದಿತ್ತು, ಸಹಿಯ ಜಾಗ ಖಾಲಿ.

"ಇದು ಸ್ಕೂಲೋ, ಮದುವೆ ಛತ್ರವೋ?" ಎಂದರು. "ಟೀಚರುಗಳು ಸಾದಾ ಸೀರೆಯಲ್ಲಿ ಬರಬೇಕು ಅಂತ ರೂಲ್ಸ್ ಇದೆ. ನಿಮ್ಮ ಮನೆ ಜಗಳನ ನನ್ನ ಸ್ಕೂಲಲ್ಲಿ ಮೆರವಣಿಗೆ ಮಾಡ್ತಿದೀರಿ. ನಾಳೆ ಸರಿಯಾಗಿ ಬನ್ನಿ, ಸಹಿ ಹಾಕ್ತೀನಿ. ಹೀಗೇ ಬಂದರೆ ಈ ಕಾಗದ ಇಲ್ಲೇ ಇರುತ್ತೆ."

ಹೆಡ್‌ಮಿಸ್ಸು ಹೇಳಿದ್ದು ಅನ್ಯಾಯವೇನಲ್ಲ. ಅದಕ್ಕೇ ಸೌಜನ್ಯಳಿಗೆ ಇನ್ನಷ್ಟು ಸಿಟ್ಟು ಬಂತು. ಎರಡು ವರ್ಷ ಹೊಟ್ಟೆಬಟ್ಟೆ ಕಟ್ಟಿ ಗಳಿಸಿದ ಸೀಟು, ಈಗ ಯಾರದೋ ಜಂಬಕ್ಕೂ ತನ್ನ ಹಟಕ್ಕೂ ನಡುವೆ ನೇತಾಡುತ್ತಿತ್ತು.

ಬಸ್ಸಿಗೆ ಕಾಯುತ್ತ ಡೊರಿನ್ ಅಂಗಡಿಯಲ್ಲಿ ಕೂತಳು. ಡೊರಿನ್ ಎಲ್ಲ ಕೇಳಿ, ಕಪಾಟಿನಿಂದ ಮೂರು ಹತ್ತಿ ಸೀರೆ ತೆಗೆದು ಮೇಜಿನ ಮೇಲಿಟ್ಟಳು. "ಫಾಲ್ ಹಾಕ್ಲಿಕ್ಕೆ ಬಂದದ್ದು. ಶನಿವಾರ ಕೊಡ್ಬೇಕು. ಒಂದು ಉಟ್ಕೊಂಡು ಹೋಗು ಮಾರಾಯ್ತಿ, ಯಾರಿಗೆ ಗೊತ್ತಾಗ್ತದೆ?"

"ಯಾರದ್ದು ಇದು?"

"ಯಾರದ್ದಾದರೆ ನಿನಗೇನು?"

"ನನಗೆ ಗೊತ್ತಿರುತ್ತಲ್ಲ ಡೊರಿನ್! ನನ್ನನ್ನ ಕೇಳ್ದೆ ನನ್ನ ಸೀರೆ ತೆಗ್ದುಕೊಟ್ರು ಅಂತ ತಾನೆ ನಾನು ಈ ಕುಣಿತ ಕುಣೀತಿರೋದು? ಈಗ ನಾನೇ ಇನ್ನೊಬ್ಬಳದನ್ನ ಕೇಳ್ದೆ ಉಡ್ಲಾ?"

"ಹಾಗಾದರೆ ಪೋಸ್ಟಾಫೀಸಿನ ದುಡ್ಡಲ್ಲಿ ಒಂದು ತಗೋ."

"ಒಂದು ತಗೊಂಡ್ರೂ ಫೀಸಿಗೆ ಕಮ್ಮಿ ಬೀಳುತ್ತೆ." ಸೌಜನ್ಯ ಎದ್ದಳು. ಬಸ್ಸು ಹಾರನ್ ಮಾಡುತ್ತಿತ್ತು.

ಎಸ್ಟೇಟಿನ ದಾರಿಯ ತಿರುವಿನಲ್ಲಿ ಸುಲೋಚನಮ್ಮ ಎದುರಾದರು. ಮನೆಯಿಂದ ಹೊರಬಿದ್ದರೆ ಉಡುವ ರೇಷ್ಮೆಯಲ್ಲೇ ಲೈನಿನ ಕಡೆಯಿಂದ ಬರುತ್ತಿದ್ದರು, ಉಬ್ಬುಸ ಬಂದಿತ್ತು. ಕಂಕುಳಲ್ಲಿ ಬಟ್ಟೆಯ ಗಂಟು. ಮಗ್ಗೆಯಿಂದ ನಾದಿನಿ ಫೋನು ಮಾಡಿ, ಏನತ್ತಿಗೆ, ಸೊಸೆ ರೇಷ್ಮೆ ಉಟ್ಕಂಡು ಬಸ್ಸಲ್ಲಿ ಊರಿಗೆಲ್ಲ ಕತೆ ಹೇಳ್ತಾವ್ಳಂತೆ, ಎಂದು ಕೇಳಿದ್ದಳು. ನಾದಿನಿಯ ಆ ನಗು ಅವರನ್ನು ಲೈನಿಗೆ ಓಡಿಸಿತ್ತು.

"ತಗೋ," ಗಂಟನ್ನು ಸೊಸೆಯ ಎದೆಗೆ ಒತ್ತಿದರು. "ಐದೂ ಅವೆ. ಒಗ್ದು ಮಡ್ಗಿದ್ರು. ಉಟ್ಕಂಡ್ ಸಾಯಿ. ನನ್ನ ಮಾನ ಬಸ್ಸಲ್ಲಿ ಹರಾಜು ಹಾಕ್ಬೇಡ."

ಸೌಜನ್ಯ ಗಂಟು ಬಿಚ್ಚಿದಳು. ಇಟ್ಟಿಗೆ ಬಣ್ಣ, ನೀಲಿ, ಬೂದು, ಹಳದಿ, ಹಸಿರು. ಕಾಫಿ ಹಣ್ಣಿನ ಕಲೆ ಕೂಡ ಉಳಿಯದ ಹಾಗೆ ಉಜ್ಜಿದ್ದರು. ಮೂಗಿಗೆ ಬಾರ್ ಸೋಪಿನ ವಾಸನೆ ಬಂತು. ನಾಳೆಗೆ ಸೀರೆ ಸಿಕ್ಕಿತು. ಸಹಿ ಸಿಕ್ಕಿತು. ಗುರುವಾರ ಫೀಸು ಕಟ್ಟಬಹುದು. ಕೈ ತಾನಾಗಿ ಆ ಬಟ್ಟೆಯನ್ನು ಬಿಗಿಯಾಗಿ ಹಿಡಿದುಕೊಂಡಿತು.

ತಲೆಯೆತ್ತಿದಳು. ಲೈನಿನ ಮುಂದೆ ಐದು ಜನ ಹೆಂಗಸರು ತಮ್ಮ ಹಳೆಯ ಸೀರೆಗಳಲ್ಲಿ ಸುಮ್ಮನೆ ನಿಂತಿದ್ದರು. ಕೊಟ್ಟು ನಾಲ್ಕು ದಿನವಾಗಿರಲಿಲ್ಲ. ತಾಯಮ್ಮ ಇವಳ ಕಣ್ಣು ತಪ್ಪಿಸಿ ಮುಖ ಅತ್ತ ತಿರುಗಿಸಿದಳು. ತಪ್ಪು ಮಾಡಿದವರು ಮಾಡುವ ಹಾಗೆ.

"ಎಲೆ ಅಡಿಕೆ ಇಟ್ಟು ಕೊಟ್ಟದ್ದನ್ನ ಕಿತ್ಕೊಂಡು ಬಂದ್ರಾ?" ಸೌಜನ್ಯ ಅತ್ತೆಯತ್ತ ತಿರುಗಿದಳು. "ನನ್ನ ಸೀರೆ ನನ್ನ ಕೇಳ್ದೆ ಕೊಟ್ರಿ. ಈಗ ಅವ್ರ ಸೀರೆ ಅವ್ರನ್ನ ಕೇಳ್ದೆ ತಂದ್ರಿ. ಇನ್ನೊಬ್ರುದು ಅನ್ನೋದೇ ಇಲ್ವಾ ಅತ್ತೆ ನಿಮಗೆ?"

"ನಿಂಗೋಸ್ಕರ ತಂದ್ನಲ್ಲೇ!"

"ನನಗೋಸ್ಕರ ಏನೂ ಮಾಡ್ಬೇಡಿ ನೀವು!"

ನೇರಳೆ ರೇಷ್ಮೆಯ ನೆರಿಗೆ ಎತ್ತಿ ಹಿಡಿದುಕೊಂಡು, ಗಂಟಿನೊಂದಿಗೆ ಅವಳು ಲೈನಿಗೆ ನಡೆದಳು. ಒಂದೊಂದನ್ನೂ ಅವರವರ ಕೈಗೆ ಕೊಟ್ಟಳು. ತಾಯಮ್ಮ ಕೈ ಹಿಂದಕ್ಕೆ ಕಟ್ಟಿಕೊಂಡಳು. "ಬ್ಯಾಡ ಕಣವ್ವ. ನಿಮ್ಗೆ ತ್ರಾಸಾಯ್ತದೆ."

"ತಗೋ ತಾಯಮ್ಮ. ಮೊದ್ಲು ಕೊಟ್ಟದ್ದು ನಾನಲ್ಲ. ಈಗ ಕೊಡ್ತಿರೋದು ನಾನು. ಯಾರು ಬಂದು ಕೇಳಿದ್ರೂ ಕೊಡ್ಬೇಡಿ, ನಾನೇ ಬಂದು ಕೇಳಿದ್ರೂ ಸೈತ."

ವಾಪಸು ಮನೆಗೆ ಬಂದಳು. ಶಾಲೆಗೆ ಉಡಲು ಇನ್ನೇನೂ ಉಳಿದಿರಲಿಲ್ಲ. ಹಿತ್ತಲಿಗೆ ಹೋಗಿ ಮುಖ ತೊಳೆದುಕೊಂಡು ತಲೆಯೆತ್ತಿದಳು. ತಂತಿಯ ಮೇಲೆ ಅತ್ತೆಯ ಸೀರೆಗಳು ಒಣಗುತ್ತಿದ್ದವು.

ಮೂರು ಸೀರೆ. ತೆಳು ನೀಲಿ, ಕಂದು, ಬಿಳಿಯ ಮೇಲೆ ಸಣ್ಣ ಕಪ್ಪು ಚೌಕಳಿ. ಮೂರೂ ಹತ್ತಿ. ತೊಳೆದು ತೊಳೆದು ಬೆಣ್ಣೆಯಂತಾಗಿದ್ದವು. ಮನೆಯೊಳಗೆ ಸುಲೋಚನಮ್ಮ ಏನು ಉಡುತ್ತಾರೆಂದು ಆರು ವರ್ಷದಲ್ಲಿ ಯಾರೂ ಕಣ್ಣಿಟ್ಟು ನೋಡಿರಲಿಲ್ಲ, ಸೌಜನ್ಯಳೂ ನೋಡಿರಲಿಲ್ಲ. ಮದುವೆಗೆ ರೇಷ್ಮೆ, ದೇವಸ್ಥಾನಕ್ಕೆ ರೇಷ್ಮೆ, ನೆಂಟರು ಬಂದರೆ ಓಡಿಹೋಗಿ ರೇಷ್ಮೆ. ಒಲೆಗೆ, ಹಟ್ಟಿಗೆ, ಬಾವಿಕಟ್ಟೆಗೆ ಮಾತ್ರ ಈ ಮೂರು. ಕೂಲಿಯವರು ಉಡುವ ಸೀರೆ ಎಂದು ಮುಖ ಸಿಂಡರಿಸುತ್ತಿದ್ದ ಬಾಯಿ!

ಸೌಜನ್ಯ ಒಳಗೆ ಬಂದು ಬೀರುವಿನ ಕೀಯನ್ನು ಅತ್ತೆಯ ಮುಂದೆ ಇಟ್ಟಳು.

"ತಗೊಳ್ಳಿ ನಿಮ್ಮ ಕೀ. ಇನ್ನು ನಿಮ್ಮ ರೇಷ್ಮೆ ನಾನು ಮುಟ್ಟಲ್ಲ. ತಂತಿ ಮೇಲಿರೋ ಮೂರು ಸೀರೆ ನನಗೆ ಬೇಕು. ನಾನು ಕೇಳ್ತಿದೀನಿ, ನೋಡಿ. ತೆಗೆದುಕೊಳ್ಳೋ ಮೊದ್ಲು ಕೇಳ್ತಿದೀನಿ."

"ಅಯ್ಯೋ, ಅವು ಮನೇಲುಡೋವು ಕಣೆ. ಅವನ್ನ ಉಟ್ಕಂಡು ಹೊರಗ್..."

"ನಾಳೆ ಸಾದಾ ಸೀರೇಲಿ ಹೋಗ್ಲಿಲ್ಲ ಅಂದ್ರೆ ನನ್ನ ಸೀಟು ಹೋಗುತ್ತೆ. ಕೊಡ್ತೀರೋ ಇಲ್ವೋ?"

"ಮತ್ ನಾನೇನ್ ಉಡ್ಲಿ?"

"ಮೂವತ್ತಿದಾವಲ್ಲ. ಉಟ್ಕೊಳ್ಳಿ. ಮನೆ ಮಾನ ಮನೇಲೇ ಇರ್ಲಿ."

ಮೋಹನ ಬಾಗಿಲಲ್ಲಿ ನಿಂತಿದ್ದ. ಈ ಸಲ ಅವನಿಗೆ ಬೇರೆ ಕೆಲಸ ಬರಲಿಲ್ಲ. "ಕೊಡಮ್ಮ," ಎಂದ, ನೆಲ ನೋಡುತ್ತ. "ಅವಳು ಕೇಳ್ತಿರೋದು ಸರಿಯಾಗೈತೆ."

ಸುಲೋಚನಮ್ಮ ಕೀಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಎದ್ದು ಹಿತ್ತಲಿಗೆ ಹೋದರು. ಮೂರು ಸೀರೆಗಳನ್ನು ತಂದು ಮಂಚದ ಮೇಲೆ ಎಸೆದು, ದೇವರ ಮನೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಬುಧವಾರ ಸೌಜನ್ಯ ತೆಳು ನೀಲಿ ಸೀರೆಗೆ ಮರೂನು ರವಿಕೆ ತೊಟ್ಟು ಶಾಲೆಗೆ ಹೋದಳು. ಹೆಡ್‌ಮಿಸ್ಸು ಅಡಿಯಿಂದ ಮುಡಿಯವರೆಗೆ ನೋಡಿ, ಸಹಿ ಹಾಕಿದರು. ಗುರುವಾರ ಚೌಕಳಿ ಸೀರೆಗೆ ಕಪ್ಪು ರವಿಕೆ. ಹಾಸನದ ಕಾಲೇಜಿನ ಮುಂದೆ ಎರಡು ಗಂಟೆ ಬಿಸಿಲಲ್ಲಿ ಸಾಲು ನಿಂತಳು. ಪಕ್ಕದವರ ಸೀರೆಗಳೆಲ್ಲ ಬೆವರಿಗೆ ಮೈಗಂಟಿದ್ದವು. ಇವಳಿಗೆ ಗಾಳಿ ಆಡುತ್ತಿತ್ತು. ಕಿಟಕಿಯೊಳಗಿನ ಗುಮಾಸ್ತ ಕಾಗದ ತಿರುವಿ ನೋಡಿ, ಫೀಸು ತೆಗೆದುಕೊಂಡು, ರಸೀದಿ ಹರಿದು ಕೊಟ್ಟ. ಅವಳು ಅದನ್ನು ಎರಡು ಸಲ ಓದಿದಳು. ತನ್ನ ಹೆಸರು ಸರಿಯಾಗಿ ಬರೆದಿತ್ತು.

ಸಂಜೆ ಮನೆಗೆ ಬಂದಾಗ ಅಡುಗೆಮನೆಯ ತುಂಬ ಹೊಗೆ. ಒಲೆಯ ಮುಂದೆ ಸುಲೋಚನಮ್ಮ ಕೂತಿದ್ದರು, ಮಾವಿನಚಿಗುರು ಬಣ್ಣದ ರೇಷ್ಮೆಯಲ್ಲಿ. ಎರಡು ದಿನದಿಂದ ಹೀಗೇ ನಡೆದಿತ್ತು. ಜರಿಯ ಸೆರಗು ಸೊಂಟದಲ್ಲಿ ನಿಲ್ಲದೆ ಜಾರುತ್ತಿತ್ತು, ಅದನ್ನು ಸಿಕ್ಕಿಸಿ ಸಿಕ್ಕಿಸಿ ಸಾಕಾಗಿ ಹಗ್ಗದಿಂದ ಕಟ್ಟಿಕೊಂಡಿದ್ದರು. ಅಂಚಿನ ಮೇಲೆ ಸಗಣಿ ಹನಿ, ಮಡಿಲಲ್ಲಿ ಸಾರಿನ ಕಲೆ, ಮೊಣಕಾಲಿನ ಹತ್ತಿರ ಕಿಡಿ ಹಾರಿ ಸುಟ್ಟ ತೂತು. ಬೆವರು ಕಿವಿಯ ಹಿಂದಿನಿಂದ ಇಳಿಯುತ್ತಿತ್ತು.

ಸೌಜನ್ಯ ಅಯ್ಯೋ ಎನ್ನಲಿಲ್ಲ. ಚೀಲದಿಂದ ರಸೀದಿ ತೆಗೆದು ದೇವರ ಪಟದ ಹಿಂದೆ ಸಿಕ್ಕಿಸಿ, ಒಲೆಯ ಹತ್ತಿರ ಬಂದು ನಿಂತಳು.

ಸುಲೋಚನಮ್ಮ ಊದುಗೊಳವೆಯನ್ನು ನೆಲಕ್ಕೆ ಹಾಕಿದರು. ಕಣ್ಣಲ್ಲಿ ನೀರಿತ್ತು. ಹೊಗೆಯದ್ದೋ ಸಿಟ್ಟಿನದ್ದೋ ಅವರಿಗೇ ಗೊತ್ತಿರಲಾರದು. "ಆಗಾಕಿಲ್ಲ ಕಣೆ ನನ್ ಕೈಲಿ," ಎಂದರು. "ಬಗ್ಗಾಕಾಗಲ್ಲ, ಕೂರಾಕಾಗಲ್ಲ. ಉಸ್ರು ಕಟ್ತದೆ. ದುಡಿಯೋ ಹೆಂಗ್ಸು ಉಡೋ ಸೀರೆ ಅಲ್ಲ ಇದು."

"ಅದನ್ನೇ ಅತ್ತೆ, ನಾನು ಎರಡು ವರ್ಷದಿಂದ ಉಟ್ಟು ತೋರಿಸ್ತಿದ್ದದ್ದು," ಎಂದಳು ಸೌಜನ್ಯ.